ಸುಂಕದವರ ಮುಂದೆ ಸುಖದುಃಖ

ಲೊಜಾಲಿಯಾ ಹನ್ನೊಂದು ವರ್ಷ ಗಡಿಯನ್ನು ಕದ್ದು ದಾಟಿದಳು. ಹನ್ನೆರಡನೆಯ ವರ್ಷ ಸುಂಕದ ಸಾಹೇಬನೊಬ್ಬ ಮಂಜಿನಲ್ಲಿ ದಾರಿ ತಪ್ಪಿದ. ಅಲ್ಲಿಂದ ಅವಳ ಬದುಕು ಬೇರೆ ದಾರಿ ಹಿಡಿಯಿತು.

ಅವಳ ಊರು ಮಲಾವಿಯ ಕಡೆ, ಮ್ಚಿಂಜಿಯಿಂದ ಗಡಿಗೆ ಹೋಗುವ ಟಾರು ರಸ್ತೆಯ ಮಗ್ಗುಲಲ್ಲಿ. ತಾಯಿಯ ಹೊಲ ಈಚೆಗಿತ್ತು, ದೊಡ್ಡಮ್ಮನ ಹೊಲ ಆಚೆ, ಜಾಂಬಿಯದಲ್ಲಿ. ನಡುವೆ ಒಂದು ಸಾಲು ಹುಲ್ಲು, ಅಷ್ಟೇ. ಆಚೆಯ ಹೊಲದಲ್ಲಿ ಕಡಲೆಕಾಯಿ ಕಿತ್ತು ಈಚೆಯ ಹೊಲದಲ್ಲಿ ಕೂತು ತಿಂದು ಬೆಳೆದವಳು ಅವಳು. ಮಾತು ಒಂದೇ, ಜೋಳದ ಮುದ್ದೆ ಒಂದೇ, ಸತ್ತವರಿಗೆ ಅಳುವ ಹಾಡೂ ಒಂದೇ. ದೇಶ ಎರಡು ಎಂಬುದು ಅವಳ ಅನುಭವಕ್ಕೆ ಬಂದದ್ದು ಮೀನಿನ ವ್ಯಾಪಾರಕ್ಕೆ ಇಳಿದ ಮೇಲೆ.

ಸಲೀಮದ ಸರೋವರದ ದಡದಿಂದ ಬಸ್ಸಿನಲ್ಲಿ ಉಸಿಪ ಬರುತ್ತಿತ್ತು. ಬೆರಳುದ್ದದ ಒಣಮೀನು, ಬಿಸಿಲಿಗೆ ಹಿಡಿದರೆ ಬೆಳ್ಳಿಯ ತುಣುಕಿನ ಹಾಗೆ ಮಿನುಗುವಂಥದು. ಅದನ್ನು ಚೀಲಕ್ಕೆ ತುಂಬಿ, ತಲೆಯ ಮೇಲಿಟ್ಟು, ಆಚೆಯ ಚಿಪಾಟದ ಮಾರುಕಟ್ಟೆಗೆ ಒಯ್ಯುವುದು ಅವಳ ಕೆಲಸ. ಟಾರು ರಸ್ತೆಯಲ್ಲಿ ಸುಂಕದ ಕಟ್ಟೆ ಇತ್ತು. ಕಟ್ಟೆಯೊಳಗೆ ಗಾಜಿನ ಹಿಂದೆ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಬಿಳಿ ಅಂಗಿಯವರಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದುಂಟೇ? ಸಣ್ಣ ವ್ಯಾಪಾರದ ಹೆಂಗಸರು ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಮಾಸುಕು ಹಣ್ಣಿನ ಮರಗಳ ನಡುವೆ ನುಸುಳುವ ಕಾಲುದಾರಿ ಹಿಡಿದು, ಹಳ್ಳ ದಾಟಿ, ಸುತ್ತಿ ಬಳಸಿ ಹೋಗುತ್ತಿದ್ದರು. ಲೊಜಾಲಿಯಾಳ ಗಂಡ ಫೆಲಿಯಾಸಿ ಸೈಕಲ್ಲಿನ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವವನು. ಅವನು ಹಳ್ಳದ ತನಕ ಚೀಲ ತಂದುಕೊಟ್ಟು, "ಹೋಗ್ಬಾ ನನ್ನ ಕಳ್ಳಿ" ಎಂದು ನಗಿಸಿ ಹಿಂದಿರುಗುತ್ತಿದ್ದ.

ಆ ಹಳ್ಳಕ್ಕೆ ಮಳೆಗಾಲದಲ್ಲಿ ಕರುಣೆ ಇರಲಿಲ್ಲ. ಎಂಟನೆಯ ವರ್ಷ ಅದು ನಸಿಲಿನಾಳನ್ನು ಒಯ್ದಿತು. ಲೊಜಾಲಿಯಾಳ ಜೊತೆಗಾತಿ, ಹುರುಳಿಕಾಯಿ ಬೀಜ ಮಾರುವವಳು. ಮುಂದೆ ನಡೆಯುತ್ತಿದ್ದವಳು ಏನೋ ಹೇಳಲು ತಿರುಗಿದಳು, ಕಾಲು ಜಾರಿತು. ನೀರಿನ ಮೇಲೆ ಅವಳ ಹಳದಿ ಚಿತೆಂಜೆ ಬಟ್ಟೆ ಅರಳಿಕೊಂಡು ತೇಲಿತು, ಆಮೇಲೆ ಅದೂ ಕಾಣಲಿಲ್ಲ. ಅವಳು ಹೇಳಹೊರಟಿದ್ದೇನು ಎಂಬುದು ಲೊಜಾಲಿಯಾಳಿಗೆ ಎಂದಿಗೂ ತಿಳಿಯಲಿಲ್ಲ. ಮುಂದಿನ ವಾರ ಮತ್ತೆ ಅದೇ ಹಳ್ಳ ದಾಟಿದಳು. ಬೇರೆ ದಾರಿ ಏನಿತ್ತು?

ದಾರಿ ತಪ್ಪಿದ ಸಾಹೇಬ ಸಿಕ್ಕಿದ್ದು ಫೆಬ್ರವರಿಯಲ್ಲಿ. ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮರಗಳು ನಿಂತಲ್ಲೇ ಕರಗಿದ ಹಾಗಿದ್ದವು. ಲೊಜಾಲಿಯಾಳಿಗೆ ತನ್ನ ಹೆಜ್ಜೆಯ ಸದ್ದು ಬೇರೆ ಯಾರದೋ ಹೆಜ್ಜೆಯಂತೆ ಕೇಳುತ್ತಿತ್ತು. ದಾರಿಯ ಪಕ್ಕದ ಹುತ್ತದ ಮೇಲೆ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ. ಒಂದು ಕಾಲಿನಲ್ಲಿ ಬೂಟಿಲ್ಲ. ಕೆಸರು ನುಂಗಿಕೊಂಡಿತ್ತು.

ಅವಳು ತಲೆಯ ಮೇಲಿನ ಚೀಲ ಹಿಡಿದುಕೊಂಡು ನಿಂತುಬಿಟ್ಟಳು.

"ತಂಗೀ, ಜಾಂಬಿಯಾ ಯಾವ ಕಡೆ?" ಎಂದು ಆತ ಕೇಳಿದ.

ಅವಳು ಕಕ್ಕಾಬಿಕ್ಕಿಯಾಗಿ ಬಲಗೈ ಎತ್ತಿ ತೋರಿಸಿದಳು.

"ಹಂಗಾದ್ರೆ ನಾನೀಗ ಎಲ್ಲಿದೀನಿ?"

"ಮಲಾವಿಲಿ, ಸಾಹೇಬ್ರೇ."

"ಅಯ್ಯೋ ದೇವ್ರೇ. ಪಾಸ್‌ಪೋರ್ಟ್ ಇಲ್ದೆ ಬಂದ್ಬಿಟ್ನಲ್ಲ." ಆತ ಸುತ್ತ ನೋಡಿದ. "ನಾವು ಎಂಗೋನಿ ಜನ ದಾರಿ ತಪ್ಪಲ್ಲ ಕಣಮ್ಮ. ದಾರಿನೇ ಇವತ್ತು ನಮ್ಮ ಕೈ ತಪ್ಪಿಸ್ಕೊಂಡಿದೆ."

ಅವನ ಹೆಸರು ಗೆಲೆಸೋಮೊ. ಕಳ್ಳದಾರಿಯಲ್ಲಿ ಸಕ್ಕರೆ ಮೂಟೆ ಸಾಗಿಸುವವರನ್ನು ಹಿಡಿಯಲು ಬಂದು, ಜೊತೆಯವರಿಂದ ಬೇರೆಯಾಗಿ, ಒಂದು ಗಂಟೆಯಿಂದ ಸುತ್ತುತ್ತಿದ್ದನಂತೆ. ಅವಳು ಏನೂ ಯೋಚಿಸದೆ, ದಾರಿ ತಪ್ಪಿದ ಯಾರನ್ನಾದರೂ ಕರೆದೊಯ್ಯುವ ಹಾಗೆ, ಮುಂದೆ ಮುಂದೆ ನಡೆದಳು. ಆತ ಒಂಟಿ ಬೂಟಿನಲ್ಲಿ ಕುಂಟುತ್ತ ಹಿಂದೆ ಬಂದ. ಮಂಜು ಹರಿದು ಎದುರಿಗೆ ಸುಂಕದ ಕಟ್ಟೆಯ ಅಡ್ಡಗಂಬ ಕಂಡಾಗಲೇ ಅವಳಿಗೆ ಎಚ್ಚರವಾದದ್ದು: ತಲೆಯ ಮೇಲೆ ಮೀನು, ಕಾಲ ಕೆಳಗೆ ಜಾಂಬಿಯ.

"ಬಾ ಒಳಗೆ" ಎಂದ ಗೆಲೆಸೋಮೊ.

ಮುಗಿಯಿತು ಕಥೆ ಎಂದುಕೊಂಡಳು. ಆದರೆ ಆತ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತನ್ನ ಫ್ಲಾಸ್ಕಿನ ಚಹಾ ಕೊಟ್ಟು, ಸರಕಿನ ವಿವರ ತುಂಬುವ ಅಂಗೈಯಗಲದ ಒಂದು ಹಾಳೆ ತೆಗೆದ.

"ಚೀಲದಲ್ಲೇನಿದೆ?"

"ಉಸಿಪ."

"ಅದು ಹುಟ್ಟಿದ್ದೆಲ್ಲಿ?"

"ಸರೋವರದಲ್ಲಿ."

"ಸರೋವರ ಮೂರು ದೇಶದ್ದಲ್ವಾ. ಯಾವ ದೇಶದ ನೀರು ಅಂತ ಬರಕೊಳ್ಳಲಿ?"

"ಅದನ್ನ ಮೀನನ್ನೇ ಕೇಳ್ಬೇಕು, ಸಾಹೇಬ್ರೇ."

ಪಕ್ಕದ ಕುರ್ಚಿಯವರು ಕಿಸಕ್ಕನೆ ನಕ್ಕರು. ಗೆಲೆಸೋಮೊ ಗಂಭೀರವಾಗಿಯೇ, "ಸರಿ, ಬಲೆ ಬೀಸಿದ್ದು ಯಾವ ದಡದಲ್ಲಿ?" ಎಂದ.

"ಸಲೀಮದಲ್ಲಿ."

"ಹಾಗಿದ್ರೆ ಮಲಾವಿ ಮೀನು. ನಮ್ಮೆರಡು ದೇಶಗಳಲ್ಲಿ ಹುಟ್ಟಿದ್ದಕ್ಕೆ, ಇಷ್ಟು ಸಣ್ಣ ಚೀಲಕ್ಕೆ, ಸುಂಕ ಇಲ್ಲ. ಹೋಗು."

ಅವಳು ಏಳಲಿಲ್ಲ. "ಸುಂಕ ಇಲ್ವಾ?"

"ಇಲ್ಲ."

"ಯಾವಾಗಿಂದ?"

"ಐದಾರು ವರ್ಷ ಆಯ್ತು. ಗೋಡೆ ಮೇಲೆ ಪಟ್ಟಿ ಅಂಟಿಸಿದೀವಲ್ಲ."

ಅವಳು ಗೋಡೆಯ ಕಡೆ ನೋಡಿದಳು. ಅವಳಿಗೆ ಓದು ಬಾರದು. "ಹುರುಳಿಕಾಯಿ ಬೀಜ ಇದ್ಯಾ ಅದ್ರಲ್ಲಿ?" ಎಂದು ಕೇಳಿದಳು.

ಆತ ಬೆರಳಿಟ್ಟು ತೋರಿಸಿದ. ಮೇಲಿಂದ ಮೂರನೆಯ ಸಾಲು.

ಲೊಜಾಲಿಯಾ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಅಕ್ಷರಗಳು ನೀರಿನಲ್ಲಿ ತೇಲುವ ಹಾಗೆ ಕಂಡವು. ಆಮೇಲೆ ಚಿತೆಂಜೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಸಿಲಿನಾ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಗೆಲೆಸೋಮೊ ತನ್ನಿಂದ ಏನೋ ತಪ್ಪಾಯಿತೆಂದು ಇನ್ನೊಂದು ಲೋಟ ಚಹಾ ಸುರಿದ. ಆಗ ಅವಳು ಹೇಳಿದಳು. ಹಳ್ಳದ ವಿಷಯ, ಹಳದಿ ಬಟ್ಟೆಯ ವಿಷಯ, ಎಲ್ಲವನ್ನೂ. ಆತ ಕೇಳಿದ. ಬಿಳಿ ಅಂಗಿಯವರೆಲ್ಲ ಕೆಲಸ ಬಿಟ್ಟು ಕೇಳಿದರು. ಹೊರಗೆ ಲಾರಿಯವರು ಹಾರನ್ ಹೊಡೆಯುತ್ತಲೇ ಇದ್ದರು.

ಅಂದಿನಿಂದ ಅವಳು ಕಾಲುದಾರಿ ತುಳಿಯಲಿಲ್ಲ. ಮನೆಗೆ ಬಂದವಳೇ ಗಂಡನಿಗೆ, "ನಂಗೆ ಬರಿಯೋದು ಕಲ್ಸು" ಎಂದಳು.

"ಮೂವತ್ತೊಂಬತ್ತಕ್ಕೆ ಓದೋಕೆ ಹೊರಟೆಯಾ? ಮಂತ್ರಿ ಆಗ್ತೀಯಾ?"

"ನಿನ್ ಸೈಕಲ್ ಬೆಲ್ ಹೊಡ್ದಂಗೆ ಮಾತಾಡ್ಬೇಡ. ಕಲ್ಸು."

ಫೆಲಿಯಾಸಿ ನಾಲ್ಕನೇ ಕ್ಲಾಸು. ಅವನಿಗೆ ಗೊತ್ತಿದ್ದಷ್ಟನ್ನು ಕಲಿಸಿದ. ಉಳಿದದ್ದನ್ನು ಅವಳು ಕಟ್ಟೆಯಿಂದ ತಂದ ಆ ಹಾಳೆಯಿಂದಲೇ ಕಲಿತಳು. ಅದರಲ್ಲಿ ಆರೇ ಆರು ಖಾನೆ. ಮಳೆಗಾಲ ಮುಗಿಯುವುದರೊಳಗೆ ಆರನ್ನೂ ತುಂಬಬಲ್ಲವಳಾದಳು. ಮೊದಲು ತನ್ನದು, ಆಮೇಲೆ ಜೊತೆಯವರದು. ಕಟ್ಟೆಯ ಹೊರಗಿನ ಮಾವಿನ ಮರದ ಕೆಳಗೆ ಚಾಪೆ ಹಾಕಿ ಕೂರುವಳು. ಟೊಮ್ಯಾಟೊ, ಜೇನು, ಬುಟ್ಟಿ, ಕಡಲೆಕಾಯಿ ಹೊತ್ತ ಹೆಂಗಸರು ಸುತ್ತ ಕೂರುವರು. ಎಲ್ಲರಿಗೂ ಕೇಳುವ ಪ್ರಶ್ನೆ ಅದೇ: ಇದು ಹುಟ್ಟಿದ್ದೆಲ್ಲಿ?

ಆ ಪ್ರಶ್ನೆಯಲ್ಲಿ ಏನು ಮಾಟವಿತ್ತೋ, ಒಂದು ಮಾತಿನಲ್ಲಿ ಯಾರೂ ಉತ್ತರಿಸುತ್ತಿರಲಿಲ್ಲ. ಜೇನಿನವಳು ಮರದ ವಿಷಯ ಹೇಳುವಳು. ಮರ ನೆಟ್ಟ ಅಜ್ಜನ ವಿಷಯ ಹೇಳುವಳು. ಅಜ್ಜ ಮೊಜಾಂಬಿಕಿನಿಂದ ನಡೆದು ಬಂದ ಬರಗಾಲಕ್ಕೆ ಹೋಗುವಳು. ಲೊಜಾಲಿಯಾ ಪೆನ್ನು ಎತ್ತಿ ಹಿಡಿದು ಕೇಳುತ್ತ ಕೂರುವಳು. ಮಾವಿನ ಹೂವು ಹಾಳೆಯ ಮೇಲೆ ಉದುರುವುದು. ಕೊನೆಗೆ ಖಾನೆಯಲ್ಲಿ ಒಂದೇ ಪದ ಬರೆಯುವಳು. ಉಳಿದದ್ದೆಲ್ಲ ಎಲ್ಲಿ ಹೋಗುತ್ತದೆ ಎಂದು ಕೆಲವೊಮ್ಮೆ ಅವಳಿಗೆ ಅನಿಸುತ್ತಿತ್ತು. ಸಂಜೆ ಫೆಲಿಯಾಸಿಯ ಸೈಕಲ್ಲಿನ ಹಿಂದೆ ಕೂತು ಮನೆಗೆ ಬರುವಾಗ ಆ ಮರಗಳು, ಅಜ್ಜಂದಿರು, ಬರಗಾಲಗಳು ತನ್ನ ಜೊತೆಗೇ ತೇಲಿಬರುತ್ತಿವೆ ಅನಿಸುತ್ತಿತ್ತು.

ವರ್ಷಗಳು ಕಳೆದವು. ಎರಡೂ ದೇಶದ ಸುಂಕದವರು ಒಂದೇ ಸೂರಿನಡಿ ಕೂರುವ ದೊಡ್ಡ ಕಟ್ಟಡ ಎದ್ದಿತು. ಒಮ್ಮೆ ನಿಂತರೆ ಸಾಕು, ಎರಡೂ ಕಡೆಯ ಮುದ್ರೆ ಅಲ್ಲೇ. ವ್ಯಾಪಾರಿ ಹೆಂಗಸರ ಸಂಘ ಹಟ ಹಿಡಿದು ಲೊಜಾಲಿಯಾಳಿಗೂ ಅಲ್ಲೊಂದು ಮೇಜು ಹಾಕಿಸಿತು. ಅವಳ ಎಡಕ್ಕೆ ಮಲಾವಿಯ ಕಿಟಕಿ. ಅಲ್ಲಿ ಲಮೆಕಿ ಎಂಬ ಹಿರಿಯ, ಅವಳಂತೆಯೇ ಚೇವಾ ಮನುಷ್ಯ. ಬಲಕ್ಕೆ ಜಾಂಬಿಯದ ಕಿಟಕಿ. ಗೆಲೆಸೋಮೊ ನಿವೃತ್ತನಾಗಿ ಹೋದ ಮೇಲೆ ಅಲ್ಲಿಗೆ ಬಂದವನು ಚಿಸೆಂಗ, ಬಡಗಣ ಕಸಾಮದ ಹುಡುಗ, ಬೆಂಬಾ ಜನದವನು.

"ಅಮ್ಮಾ, ನಿಮ್ಮ ಕಡೆ ಇಲಿ ಸುಟ್ಟು ಕಡ್ಡಿಗೆ ಸಿಗಿಸಿ ಮಾರ್ತಾರಲ್ಲ, ಅದಕ್ಕೆ ಯಾವ ಖಾನೆ?" ಎಂದು ಚಿಸೆಂಗ ಮೊದಲ ದಿನವೇ ಕೆಣಕಿದ.

"ನಿಮ್ಮ ಕಡೆ ಕಂಬಳಿಹುಳ ಹುರಿದು ತಿಂತೀರಲ್ಲ, ಅದರ ಪಕ್ಕದ್ದು" ಎಂದಳು. ಹೀಗೆ ಇಬ್ಬರಿಗೂ ಸ್ನೇಹವಾಯಿತು.

ಆ ಆಗಸ್ಟಿನಲ್ಲಿ ಫೆಲಿಯಾಸಿ, "ಸೈಕಲ್ ಕಡ್ಡಿ ತರೋಕೆ ಲಿಲೋಂಗ್ವೆಗೆ ಹೋಗ್ತೀನಿ. ಮೂರು ನಾಲ್ಕು ದಿನ ಆಗುತ್ತೆ" ಎಂದ.

"ಸೈಕಲ್ ಕಡ್ಡಿಗೆ ಮೂರು ನಾಲ್ಕು ದಿನಾನಾ?"

"ಒಳ್ಳೇ ಕಡ್ಡಿ ಬೇಕಲ್ಲ."

ಅವಳು ಮುಂದೆ ಕೇಳಲಿಲ್ಲ. ಆಗಸ್ಟಿನ ಕೊನೆಗೆ ಮಲಾವಿ, ಜಾಂಬಿಯ, ಮೊಜಾಂಬಿಕ್ ಮೂರೂ ದೇಶಗಳ ಚೇವಾ ಜನ ಜಾಂಬಿಯದಲ್ಲಿ ತಮ್ಮ ರಾಜನೆದುರು ಸೇರುವ ಹಬ್ಬ. ಅಲ್ಲಿ ಸತ್ತ ಹಿರಿಯರು ಮುಖವಾಡದ ರೂಪದಲ್ಲಿ ಬಂದು ಕುಣಿಯುತ್ತಾರೆ. ಯಾವ ರೂಪದೊಳಗೆ ಯಾರು ಎಂಬುದು ಹೆಂಗಸರಿಗೆ ಗೊತ್ತಿರಬಾರದು. ಗೊತ್ತಿದ್ದರೂ ಗೊತ್ತಿರಬಾರದು.

ಅವನು ಹೋದ ಎರಡನೆಯ ದಿನ ಮಧ್ಯಾಹ್ನ ಒಂದು ಲಾರಿ ಬಂದು ನಿಂತಿತು. ಕಾಡು ಸುಟ್ಟ ಹೊಗೆ, ಧೂಳು, ಅದರೊಳಗೆ ಹಣ್ಣಿನಂತೆ ಕೆಂಪಾಗಿ ತೂಗುವ ಸೂರ್ಯ. ಲಾರಿಯಲ್ಲಿ ಮೂವತ್ತು ಗಂಡಸರು, ಹದಿನೇಳು ಚೀಲ. ಚಿಸೆಂಗ ಹೊರಗೆ ಹೋಗಿ, "ಚೀಲ ಬಿಚ್ಚಿ" ಎಂದ. ಯಾರೂ ಅಲುಗಲಿಲ್ಲ.

"ಒಳಗೆ ಏನೂ ಇಲ್ಲ" ಎಂದ ಗುಂಪಿನ ಹಿರಿಯ.

"ಏನೂ ಇಲ್ದೇ ಇರೋದು ಇಷ್ಟು ಭಾರ ಯಾಕೆ?"

"ಸತ್ತವರು ಭಾರ ಇರ್ತಾರೆ ಕಣಪ್ಪ."

ಚಿಸೆಂಗನಿಗೆ ಇದು ತಮಾಷೆಯೋ ಗದರಿಕೆಯೋ ತಿಳಿಯಲಿಲ್ಲ. ನೋಡದೆ ಮುದ್ರೆ ಒತ್ತುವುದು ಅವನ ಜಾಯಮಾನವಲ್ಲ. ಚೀಲದೊಳಗೆ ಕದ್ದಮಾಲು ಬರುವುದನ್ನು ಕಂಡವನು. ಗಂಡಸರ ಮುಖ ಗಟ್ಟಿಯಾಗುತ್ತ ಬಂತು. ಅವನು ಬಂದು ಲೊಜಾಲಿಯಾಳನ್ನು ಕರೆದ.

ಅವಳು ಲಾರಿಗೆ ಬೆನ್ನು ಹಾಕಿ, ಚೀಲಗಳ ಕಡೆ ನೋಡದೆ ನಿಂತಳು. ಹೆಂಗಸಾದವಳು ನೋಡುವಂಥದಲ್ಲ ಅದು. ಲಾರಿಯ ಮೂಲೆಯಲ್ಲಿ ಕಂಬಳಿ ಹೊದ್ದು ಮುಖ ತಿರುಗಿಸಿಕೊಂಡು ಕೂತವನೊಬ್ಬ ಕೆಮ್ಮಿದ. ಇಪ್ಪತ್ತೆಂಟು ವರ್ಷದಿಂದ ದಿನಾ ಬೆಳಗ್ಗೆ ಕೇಳುವ ಕೆಮ್ಮು. ಅವಳ ಎದೆಯೊಳಗೆ ಏನೋ ಬೆಚ್ಚಗಾಯಿತು, ಭಯವೂ ಆಯಿತು. ಈ ಹೊಗೆಯಲ್ಲಿ, ಈ ಕೆಂಪು ಬೆಳಕಿನಲ್ಲಿ, ತಾನು ಮುದ್ದೆ ಬಡಿಸುವ ಮನುಷ್ಯ ಸತ್ತ ಹಿರಿಯರ ಜೊತೆ ಕೂತು ಬೇರೆಲ್ಲಿಗೋ ಹೊರಟಿದ್ದಾನೆ. ಅವಳು ಕೇಳಿಸದವಳಂತೆ ಇದ್ದಳು.

"ಚಿಸೆಂಗಪ್ಪ, ಇವು ಮಾರೋಕಲ್ಲ. ಹಬ್ಬ ಮುಗಿದ್ಮೇಲೆ ಬಂದ ದಾರೀಲೇ ವಾಪಸ್ ಹೋಗ್ತವೆ. ಹಂಗೆ ಹೋಗಿ ಬರೋವಕ್ಕೆ ಬೇರೆ ಹಾಳೆ ಇದೆಯಲ್ಲ?"

"ಇದೆ. ಆದ್ರೂ ನೋಡ್ಬೇಕಲ್ಲ ಅಮ್ಮ. ನೋಡ್ದೆ ಹೆಂಗೆ ಬರೀಲಿ?"

"ನೀನು ನೋಡೋ ಹಂಗಿಲ್ಲ, ನಾನಂತೂ ನೋಡೋ ಹಂಗೇ ಇಲ್ಲ. ಲಮೆಕಣ್ಣ ನೋಡಬಹುದು. ಹುಡುಗನಾಗಿದ್ದಾಗಲೇ ಹಿರಿಯರಿಂದ ದೀಕ್ಷೆ ತಗೊಂಡು ಒಳಗೆ ಹೋಗಿ ಬಂದವರು."

"ಅವರು ಮಲಾವಿ ಅಧಿಕಾರಿ. ಅವರ ಕಣ್ಣಿಗೆ ನಾನು ಸಹಿ ಹಾಕ್ಲಾ?"

"ಒಂದೇ ಸೂರಿನ ಕೆಳಗೆ ಕೂರ್ಸಿದ್ದು ಯಾಕೆ ಮತ್ತೆ? ಅವರು ತಂದ ಕಡಲೆಕಾಯಿ ದಿನಾ ತಿಂತೀಯ. ಅವರ ಮಾತು ಒಂದಿನ ನಂಬಕ್ಕಾಗಲ್ವಾ?"

ಚಿಸೆಂಗ ನಿಂತು ಯೋಚಿಸಿದ. ಕೊನೆಗೆ ಹಿಂದಿನ ಖಾಲಿ ಕೋಣೆಯ ಬೀಗದ ಕೈ ತಂದು ಲಮೆಕಿಯ ಕೈಗಿತ್ತ. ಹದಿನೇಳು ಚೀಲ ಒಳಗೆ ಹೋದವು. ಲಮೆಕಿಯೂ ಗುಂಪಿನ ಹಿರಿಯನೂ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ಕಳೆದು ಲಮೆಕಿ ಹೊರಬಂದಾಗ ಅವನ ಮುಖ ಮೆತ್ತಗಾಗಿತ್ತು, ಬಹುದಿನದ ಮೇಲೆ ಮನೆಯವರನ್ನು ಕಂಡು ಬಂದವನ ಹಾಗೆ. "ಬೇರೇನೂ ಇಲ್ಲ" ಎಂದಷ್ಟೇ ಹೇಳಿ ಸಹಿ ಹಾಕಿದ. ಅದರ ಕೆಳಗೆ ಚಿಸೆಂಗನೂ ಹಾಕಿದ.

ಹಾಳೆ ತುಂಬಿದವಳು ಲೊಜಾಲಿಯಾ. ವಸ್ತು: ಹಬ್ಬದ ಸಾಮಾನು. ಮರಳಿ ಹೋಗುವ ದಿನ: ಸೋಮವಾರ. ಹುಟ್ಟಿದ್ದೆಲ್ಲಿ ಎಂಬ ಖಾನೆಗೆ ಬಂದಾಗ ಪೆನ್ನು ನಿಂತಿತು. ಹಿರಿಯನನ್ನು ಕೇಳಬಾರದು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ದೊಡ್ಡಮ್ಮನ ಹೊಲ ಕಂಡಿತು, ನಡುವಿನ ಹುಲ್ಲು ಕಂಡಿತು, ಎರಡೂ ಕಡೆ ಬಾಗುತ್ತಿದ್ದ ಅದರ ತೆನೆ. "ಇಲ್ಲೇ" ಎಂದು ಬರೆದಳು. ಅದು ಎರಡು ದೇಶದಲ್ಲಿ ಯಾವುದು ಎಂದು ಚಿಸೆಂಗ ಕೇಳಲಿಲ್ಲ.

ಸೋಮವಾರ ಲಾರಿ ವಾಪಸ್ಸು ಬಂತು. ಹದಿನೇಳಕ್ಕೆ ಹದಿನೇಳು. ಆಮೇಲಿನ ವರ್ಷಗಳಲ್ಲೂ ಹಬ್ಬದ ಲಾರಿಗಳು ಹಾಗೆಯೇ ಹೋಗಿ ಬಂದವು. ಹಿಂದಿನ ಕೋಣೆಯ ಬೀಗದ ಕೈ ಆಗಸ್ಟಿನಲ್ಲಿ ಲಮೆಕಿಯ ಹತ್ತಿರವೇ ಇರುತ್ತಿತ್ತು.

ಲಾರಿ ಬಂದ ಆ ಮೊದಲ ಸೋಮವಾರ ಸಂಜೆ ಫೆಲಿಯಾಸಿ ಮನೆಗೆ ಬಂದ. ಕಣ್ಣು ಕೆಂಪಾಗಿತ್ತು, ಪಾದ ಬಿರಿದಿತ್ತು. ಕಡ್ಡಿಯ ಕಟ್ಟನ್ನು ಮೂಲೆಗಿಟ್ಟ. ಸುತ್ತಿದ ಕಾಗದದ ಮೇಲೆ ಚಿಪಾಟದ ಅಂಗಡಿಯ ಹೆಸರು. ಈಗ ಓದು ಬಲ್ಲವಳಾದ ಲೊಜಾಲಿಯಾ ಅದನ್ನು ಓದಿದಳು, ಒಲೆಯ ಕಡೆ ತಿರುಗಿದಳು.

"ಲಿಲೋಂಗ್ವೆಲಿ ಧೂಳು ಜಾಸ್ತಿನಾ?"

"ತುಂಬಾ."

"ಕಾಲು ನೀರಲ್ಲಿ ಇಟ್ಕೋ. ಬಿಸಿ ಮಾಡಿದೀನಿ."

ಅವನು ಪಾದಗಳನ್ನು ಬೋಗುಣಿಯಲ್ಲಿಟ್ಟು ಕಣ್ಣು ಮುಚ್ಚಿದ. ಅವಳು ಪಕ್ಕದಲ್ಲಿ ಕೂತು ಆ ಪಾದಗಳಿಗೆ ಮೆಲ್ಲಗೆ ನೀರು ಹಾಕುತ್ತಿದ್ದಳು. ಅಂಗಳದ ಆಚೆ ಯಾರದೋ ಮನೆಯಲ್ಲಿ ಜೋಳ ಕುಟ್ಟುವ ಒನಕೆಯ ಸದ್ದು ಕೇಳುತ್ತಿತ್ತು.