ಭಾನುಮತಿಯ ಕಾರಿಗೆ ವಿಮೆ ಇತ್ತು

ಭಾನುಮತಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಪರದೇಶದ ಈ ಪುಚೊಂಗ್‌ನ ಕನ್ನಡದವರೆಲ್ಲ ಹೇಳುತ್ತಾರೆ. ಹೇಳಲಿ, ಬಾಯಿಗೆ ಬೀಗ ಹಾಕಲಾದೀತೆ? ಆ ಕೋಪ ಬರಿಸಿದವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮಂಡ್ಯದಲ್ಲಿ ಹುಟ್ಟಿ, ಮೈಸೂರಿನ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿಕೊಂಡಿದ್ದ ಹೆಂಗಸು ಅವಳು. ಗಂಡ ಪ್ರಶಾಂತನಿಗೆ ಸೈಬರ್‌ಜಯಾದಲ್ಲಿ ಕೆಲಸ ಸಿಕ್ಕಿತೆಂದು ಗಂಟು ಮೂಟೆ ಕಟ್ಟಿಕೊಂಡು ಬಂದಳು. ಗಂಡನ ವೀಸಾದ ಬಾಲ ಹಿಡಿದು ಬಂದವರು ಇಲ್ಲಿ ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಮೊದಲ ವರ್ಷವೆಲ್ಲ ಫ್ಲ್ಯಾಟಿನ ಗೋಡೆ ನೋಡಿದಳು. ಆಮೇಲೆ ಹಟ ಹಿಡಿದು ಕಾರು ಓಡಿಸಲು ಕಲಿತಳು. ತನ್ನ ಹೆಸರಿನಲ್ಲೇ ಒಂದು ಹಳೆಯ ಬಿಳಿ ಕಾರು ಕೊಂಡು, ಅದೇ ಕಟ್ಟಡದ ಕನ್ನಡ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರತೊಡಗಿದಳು. ಯಾರೂ ಕೇಳಿರಲಿಲ್ಲ, ತಾನಾಗಿ ಶುರು ಮಾಡಿದ್ದು. ಕಾರಿನೊಳಗೆ ಕನ್ನಡವೇ ಆಗಬೇಕು ಎಂಬುದು ಅವಳ ಕಾನೂನು. ಅವಳು ಗಾದೆ ಹೇಳಿದರೆ ಮಕ್ಕಳು ಅರ್ಥ ಹೇಳಬೇಕು; ಅವರ ಬಾಯಿಗೆ ಬರುತ್ತಿದ್ದದ್ದು ಮಾತ್ರ ಇಂಗ್ಲಿಷೇ. ಮೈಸೂರಿನಲ್ಲಿ ಬಿಟ್ಟುಬಂದ ತರಗತಿ ಹಿಂದಿನ ಸೀಟಿನಲ್ಲಿ ಮತ್ತೆ ಸಿಕ್ಕಿತ್ತು. ಈ ದೇಶದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಅದಕ್ಕೂ ಕಲ್ಲು ಬಿತ್ತು. ಒಂದು ಬೆಳಗ್ಗೆ ಶಾಲೆಯ ತಿರುವಿನಲ್ಲಿ ಪೊಲೀಸರು ತಪಾಸಣೆಗೆ ನಿಂತಿದ್ದರು. ಹುಡುಗವಯಸ್ಸಿನ ಪೊಲೀಸನೊಬ್ಬ ಕಾರಿನ ನಂಬರನ್ನು ಕೈಯಲ್ಲಿದ್ದ ಯಂತ್ರಕ್ಕೆ ಒತ್ತಿದ. ಮತ್ತೊಮ್ಮೆ ಒತ್ತಿದ.

"ಇನ್ಶೂರೆನ್ಸ್ ತಾ ಅಡಾ ಲಾ, ಕಾಕ್," ಎಂದ. ವಿಮೆಯೇ ಇಲ್ಲವಲ್ಲ ಅಕ್ಕಾ, ಅಂತ.

ಭಾನುಮತಿ ಫೋನು ತೆಗೆದು ಪಾಲಿಸಿ ತೋರಿಸಿದಳು. ಅವನು ಮರ್ಯಾದೆಯಿಂದಲೇ ನೋಡಿದ. ಆದರೆ ಅವನು ನಂಬಬೇಕಾದದ್ದು ಅವಳ ಫೋನನ್ನಲ್ಲ, ತನ್ನ ಯಂತ್ರವನ್ನು. ದಂಡದ ಚೀಟಿ ಕೊಟ್ಟು, ಇದನ್ನು ಸರಿಪಡಿಸುವವರೆಗೆ ಕಾರು ಓಡಿಸಬೇಡಿ ಎಂದು ಪಕ್ಕಕ್ಕೆ ನಿಲ್ಲಿಸಿದ. ಮಕ್ಕಳು ಬ್ಯಾಗು ಹೊತ್ತು ರಸ್ತೆಬದಿಯಲ್ಲಿ ನಿಂತರು. ಅವರನ್ನು ಕರೆದೊಯ್ಯಲು ಏಳನೇ ಮಹಡಿಯ ಅನಿತಾ ಬಂದಳು. ಮಗಳು ಶ್ರೀಯಾಳ ಕೈ ಹಿಡಿದು ಕಾರಿಗೆ ಹತ್ತಿಸಿಕೊಂಡಳೇ ಹೊರತು ಭಾನುಮತಿಯ ಮುಖ ನೋಡಲಿಲ್ಲ.

ಇನ್ನು ನಮ್ಮವರ ವಿಮೆಯ ಪದ್ಧತಿ ಹೇಳಬೇಕು. ಇಲ್ಲಿ ಕಾರು ಕೊಂಡ ಕನ್ನಡದವರು ಏಜೆಂಟನನ್ನು ಹುಡುಕಿಕೊಂಡು ಹೋಗುವುದಿಲ್ಲ, ಕನ್ನಡ ಸಂಘದ ಕಾರ್ಯದರ್ಶಿ ಗಂಗಾಧರ ಅವರ ಹತ್ತಿರ ಹೋಗುತ್ತಾರೆ. ಪಾಸ್‌ಪೋರ್ಟಿನ ನಕಲನ್ನು ಒಂದು ಸಲ ಕೊಟ್ಟರೆ ಮುಗಿಯಿತು. ವರ್ಷ ವರ್ಷವೂ ಅವರೇ ನವೀಕರಿಸಿ, ಪಾಲಿಸಿಯನ್ನು ಫೋನಿಗೆ ಕಳಿಸಿ, ಕೆಳಗೊಂದು ಕೈಮುಗಿದ ಚಿತ್ರ ಹಾಕುತ್ತಾರೆ. ಎಲ್ಲ ಸೇವೆ. ಏನು ಕೇಳಿದರೂ "ಗಂಗಣ್ಣ ನೋಡ್ಕೋತಾರೆ" ಎಂಬುದೊಂದೇ ಉತ್ತರ. ದಿನವಿಡೀ ಆಫೀಸಿನಲ್ಲಿ ಊರವರ ಮಾಹಿತಿಯನ್ನೆಲ್ಲ ತಾಳೆ ನೋಡುವ ನಮ್ಮ ಕಂಪ್ಯೂಟರ್ ಜಾಣರು ತಮ್ಮ ಪಾಲಿಸಿಯನ್ನು ತೆರೆದೂ ನೋಡುವುದಿಲ್ಲ.

ಭಾನುಮತಿ ಗಂಗಾಧರರಿಗೆ ಫೋನು ಮಾಡಿದಳು. "ಅಯ್ಯೋ, ಮಿಷಿನ್ ತಪ್ಪಿರುತ್ತೆ ಭಾನಕ್ಕ. ಪಾಲಿಸಿ ಇದೆಯಲ್ಲ, ಯೋಚನೆ ಮಾಡ್ಬೇಡಿ," ಎಂದರು. ಪ್ರಶಾಂತ, "ಹೋಗ್ಲಿ ಬಿಡು, ದೊಡ್ಡದು ಮಾಡ್ಬೇಡ," ಎಂದ. ಅಷ್ಟರಲ್ಲಿ ಕಟ್ಟಡದ ಕನ್ನಡದವರ ಫೋನ್ ಗ್ರೂಪಿನಲ್ಲಿ ಅನಿತಾ ಬರೆದಾಗಿತ್ತು: "ಭಾನು ಆಂಟಿ ಇಷ್ಟು ದಿನ ಇನ್ಶೂರೆನ್ಸ್ ಇಲ್ಲದೇ ನಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ರು. ನಾಳೆಯಿಂದ ವ್ಯಾನ್ ಗೊತ್ತು ಮಾಡಿದೀನಿ." ಕೆಳಗೆ ಹೆಬ್ಬೆರಳುಗಳ ಸಾಲು. ಒಬ್ಬರು, ಒಬ್ಬರಾದರೂ, ಏನಾಯಿತು ಎಂದು ಕೇಳಲಿಲ್ಲ. ಜ್ವರ ಬಂದಾಗ ಇದೇ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು ಭಾನುಮತಿ.

"ದೊಡ್ಡದು ನಾನ್ ಮಾಡಿದ್ನಾ?" ಎಂದು ಗಂಡನನ್ನು ಕೇಳಿದಳು. ಪ್ರಶಾಂತ ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಮಾಮಕ್ ಅಂಗಡಿಗೆ ಟೀ ಕುಡಿಯಲು ಹೋದ.

ಮರುದಿನ ಬಾಡಿಗೆ ಕಾರು ಹಿಡಿದು ಪುತ್ರಜಯಾಕ್ಕೆ ಹೋದಳು. ರಸ್ತೆ ಸಾರಿಗೆ ಕಚೇರಿಯ ಕೌಂಟರಿನ ಹುಡುಗಿ ಪರದೆ ನೋಡಿ, ಕಾರು ಈ ಪಾಸ್‌ಪೋರ್ಟಿನಲ್ಲಿದೆ, ವಿಮೆ ಯಾವುದರಲ್ಲಿದೆ ಎಂದು ಕೇಳಿದಳು. ಅಲ್ಲಿತ್ತು ಗಂಟು. ಭಾನುಮತಿಯ ಪಾಸ್‌ಪೋರ್ಟು ಹೊಸದಾಗಿತ್ತು, ಅದರ ನಂಬರೂ ಬದಲಾಗಿತ್ತು. ಲೈಸೆನ್ಸ್ ನವೀಕರಿಸುವಾಗ ಸರ್ಕಾರದ ದಾಖಲೆಗೆ ಹೊಸ ನಂಬರ್ ಹತ್ತಿತ್ತು. ಗಂಗಣ್ಣನ ಬೀರುವಿನಲ್ಲಿ ಮಾತ್ರ ಹಳೆಯ ನಕಲೇ ಕೂತಿತ್ತು, ಅವರು ಪ್ರತಿ ವರ್ಷ ಅದನ್ನೇ ಕಂಪನಿಗೆ ಕೊಡುತ್ತಿದ್ದರು. ಎರಡು ನಂಬರ್ ಹೊಂದದ ಕಾರಣ ಪಾಲಿಸಿ ಸರ್ಕಾರದ ದಾಖಲೆಗೆ ಸೇರದೆ ಬಾಗಿಲಲ್ಲೇ ನಿಂತಿತ್ತು. ಹೊಸ ನಂಬರ್ ಕೊಡದಿದ್ದದ್ದು ತನ್ನ ತಪ್ಪೂ ಹೌದು ಎಂದು ಭಾನುಮತಿಗೆ ಅನಿಸಿತು, ಸಿಟ್ಟು ಇನ್ನೂ ಏರಿತು. ವಿಮಾ ಕಂಪನಿಯವರ ಮುಂದೆ ಕೂತು ನಂಬರ್ ತಿದ್ದಿಸಿಯೇ ಎದ್ದಳು. ಸಂಜೆಗೆ ಫೋನಿನಲ್ಲಿ ಸಾರಿಗೆ ಇಲಾಖೆಯ ಪುಟಕ್ಕೆ ಕಾರಿನ ನಂಬರ್ ಹಾಕಿ ನೋಡಿದರೆ, ವಿಮೆ ಇದೆ ಎಂದು ಬಂತು.

ಸರಿಹೋಯಿತು ಎಂದು ಗ್ರೂಪಿನಲ್ಲಿ ಬರೆದಳು. ಅನಿತಾ "ಗುಡ್ ಆಂಟಿ" ಎಂದಳು. ವ್ಯಾನು ಮಾತ್ರ ಬರುತ್ತಲೇ ಇತ್ತು.

ಭಾನುವಾರ ಸಂಘದ ಸಭಾಂಗಣದಲ್ಲಿ ಕನ್ನಡ ತರಗತಿ. ಪಾಠ ಮುಗಿದು ತಂದೆತಾಯಿಗಳೆಲ್ಲ ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದಾಗ ಭಾನುಮತಿ ಎದ್ದು ನಿಂತಳು. ಸಿಟ್ಟು ಬಂದಾಗ ಅವಳ ಬಾಯಿಗೆ ಮಂಡ್ಯ ಬರುತ್ತದೆ.

"ಎಲ್ರೂ ಫೋನ್ ತೆಗೀರಿ. ಸಾರಿಗೆ ಇಲಾಖೆ ಪುಟಕ್ಕೆ ನಿಮ್ ನಿಮ್ ಕಾರಿನ ನಂಬರ್ ಒತ್ತಿ. ನನ್ ಮರ್ವಾದೆ ತೆಗದ್ರಲ್ಲ, ಈಗ ನಿಮ್ದು ನೋಡ್ಕಳಿ."

ಕೆಲವರು ನಕ್ಕರು. ನಗುತ್ತಲೇ ಒತ್ತಿದರು. ಮೊದಲು ಅನಿತಾಳ ನಗು ನಿಂತಿತು. ಅವಳ ಪಾಸ್‌ಪೋರ್ಟೂ ಕಳೆದ ವರ್ಷ ಹೊಸದಾಗಿತ್ತು. ಆಮೇಲೆ ಒಬ್ಬೊಬ್ಬರದೇ; ಇಲ್ಲಿಗೆ ಬಂದು ವರ್ಷಗಳಾಗಿ ಎಲ್ಲರ ಪಾಸ್‌ಪೋರ್ಟೂ ಬದಲಾಗಿತ್ತು. ವಿಮೆ ಇಲ್ಲ, ಇಲ್ಲ, ಇಲ್ಲ. ಕೊನೆಗೆ ಎಲ್ಲರೂ ಗಂಗಾಧರರ ಕಡೆ ತಿರುಗಿದರು. ಅವರು ಕನ್ನಡಕ ಹಣೆಗೇರಿಸಿ ತಮ್ಮ ಫೋನನ್ನೇ ನೋಡುತ್ತಿದ್ದರು. ಆ ಮಹಾನುಭಾವರು ತಮ್ಮ ಪಾಲಿಸಿಗೂ ಹಳೆಯ ನಕಲನ್ನೇ ಕೊಡುತ್ತಾ ಬಂದಿದ್ದರು.

"ನಿಮ್ ಯಾರ ಕಾರೂ ಹೊರಡೋ ಹಾಗಿಲ್ಲ ಈಗ," ಎಂದಳು ಭಾನುಮತಿ. "ಎಲ್ಲಾ ನನ್ ಥರಾನೇ. ಆದ್ರೆ ರೋಡಲ್ಲಿ ನಿಂತ್ಕಂಡವಳು ನಾನೊಬ್ಬಳೇ."

ಅನಿತಾ ಹತ್ತಿರ ಬಂದಳು. "ಆಂಟಿ, ಸಾರಿ. ಶ್ರೀಯಾಗೆ ಸ್ವಿಮ್ಮಿಂಗ್ ಕ್ಲಾಸಿದೆ. ಸ್ವಲ್ಪ ಡ್ರಾಪ್ ಮಾಡ್ತೀರಾ?"

"ಮಾಡ್ತೀನಿ. ಮೊದ್ಲು ನನ್ ಕಾರಿನ ನಂಬರ್ ಒತ್ತಿ ನೋಡಿ. ಬಂದಿದ್ದನ್ನ ಎಲ್ರಿಗೂ ಕೇಳೋ ಹಂಗೆ ಓದಿ."

ಅನಿತಾಳ ಮುಖ ಕೆಂಪಾಯಿತು. ಒತ್ತಿದಳು. "ವಿಮೆ ಇದೆ," ಎಂದು ಓದಿದಳು.

"ಇದನ್ನೇ ಗ್ರೂಪಲ್ಲೂ ಹಾಕಿ. ಅವತ್ತು ಹಾಕಿದ್ರಲ್ಲ, ಅಲ್ಲೇ."

ಅನಿತಾ ಬರೆದು ಕಳಿಸಿದಳು. ಭಾನುಮತಿಯ ಕೈಚೀಲದಲ್ಲಿ ಫೋನು ಸದ್ದು ಮಾಡಿತು. ಅವಳು ತೆಗೆದು, ಓದಿ, ಮತ್ತೆ ಒಳಗಿಟ್ಟಳು. ಎದೆಯ ಉರಿ ಒಂದಿಷ್ಟೂ ಇಳಿಯಲಿಲ್ಲ.

ದಾರಿಯಲ್ಲಿ ಶ್ರೀಯಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. "ಟುಮಾರೋ ಆಲ್ಸೋ ಯು ವಿಲ್ ಕಮ್, ಆಂಟಿ?"

"ಇಲ್ಲ ಕಣವ್ವ. ನಾಳೆ ನಿಂಗೆ ವ್ಯಾನ್ ಬತ್ತದೆ." ಮತ್ತೆಂದೂ ಈ ಮಕ್ಕಳನ್ನು ಕರೆದೊಯ್ಯುವುದಿಲ್ಲ ಎಂದು ಅವಳು ಸಭಾಂಗಣದ ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿದ್ದಳು.

"ಡಿಡ್ ಎನಿಬಡಿ ಚೆಕ್ ದ ವ್ಯಾನ್?" ಎಂದು ಮಗು ಕೇಳಿತು.

ಕೆಂಪು ದೀಪ ಬಿದ್ದಿತ್ತು. ಭಾನುಮತಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. ಇಷ್ಟು ದಿನ ವ್ಯಾನು ಬರುತ್ತಿತ್ತು, ಒಬ್ಬರೂ ನೋಡಿರಲಿಲ್ಲ. ಇವಳ ಮಾನ ತೆಗೆಯಲು ಪುರುಸೊತ್ತಿದ್ದ ಜನಕ್ಕೆ ವ್ಯಾನಿನ ನಂಬರ್ ಒತ್ತಲು ಪುರುಸೊತ್ತು ಇರಲಿಲ್ಲ.

"ಏಳು ಗಂಟೆಗೆ ಲಿಫ್ಟ್ ಹತ್ರ ನಿಂತಿರು," ಎಂದಳು ಸಿಡುಕುತ್ತ. "ಎಲ್ರಿಗೂ ಹೇಳು. ತಡ ಮಾಡಿದ್ರೆ ಬುಟ್ಟೋಯ್ತೀನಿ."