ಹಕಾರವಿಲ್ಲದ ಕಲ್ಲು

ಕಲ್ಲಿನಲ್ಲಿ ಕೊರೆದದ್ದು ಕಾಲವನ್ನೇ ಗೆಲ್ಲುತ್ತದೆ. ಕಾಗುಣಿತದ ತಪ್ಪೂ ಗೆಲ್ಲುತ್ತದೆ. ಕಿರುಗಾವಲಿನ ಬಸ್ಸು ತಡವಾದ್ದರಿಂದ ಮಳವಳ್ಳಿಯ ಅಂಚೆ ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡೆ.

ಯುದ್ಧದಲ್ಲಿ ಬರ್ಮಾಕ್ಕೆ ತಂತಿ ಎಳೆಯಲು ಹೋಗಿ ಬಾಂಬಿಗೆ ಬಲಿಯಾದ ಅಂಚೆ-ತಂತಿ ಇಲಾಖೆಯ ನೌಕರ ಹೊನ್ನಯ್ಯನ ನೆನಪಿಗೆ ಊರವರು ಕಲ್ಲು ಕೊರೆಸಿದ್ದರು. ಅವನ ತಾಯಿಯನ್ನೇ ಹೆಸರು ಕೇಳಿದ ಕಲ್ಲುಕುಟಿಗ ‘ಒನ್ನಯ್ಯ’ ಎಂದು ಕೊರೆದಿದ್ದ.

“ಹಕಾರವೇ ಇಲ್ಲ! ಬೇರೆ ಕಲ್ಲು ಮಾಡಿಸಬೇಕು. ನೀವು ಕನ್ನಡ ಮೇಷ್ಟ್ರು, ನೀವೇ ಹೇಳಿ,” ಎಂದರು ಪೋಸ್ಟ್‌ಮಾಸ್ಟರು.

ಕಲ್ಲಿನ ಪಕ್ಕದಲ್ಲೇ ನಿಂತಿದ್ದ ತಾಯಿ ಗಾಬರಿಯಾದರು. “ಏನ್ ಬರ್ದವ್ರೆ, ಓದಿ ಮೇಷ್ಟ್ರೆ.”

ಇದ್ದಂತೆಯೇ ಓದಿದೆ.

“ಅಂಗೇ ಕಣಪ್ಪ ನಾನ್ ಕೂಗ್ತಿದ್ದಿದ್ದು! ತಿದ್ಬುಟ್ರೆ ನನ್ ಮಗ ಓ ಅಂದಾನಾ? ಇದೇ ಇರ್ಲಿ ಬುಡಿ.”

ರಂಗೂನಿನಲ್ಲಿದ್ದ ನನ್ನ ತಮ್ಮ ಬದುಕಿದ್ದಾನೆಂಬ ಸುದ್ದಿ ಬಂದದ್ದು ಇಂಥವರು ಎಳೆದ ತಂತಿಯಲ್ಲೇ. ಕಲ್ಲುಕುಟಿಗನ ಕಾಗುಣಿತಕ್ಕೆ ಪೂರ್ಣಾಂಕ ಕೊಟ್ಟೆ.

ಮಧ್ಯಾಹ್ನದೊಳಗೆ ಕಲ್ಲನ್ನು ಬಾಗಿಲ ಬಲಗಡೆಯ ಗೋಡೆಗೆ ಕೂರಿಸಿದರು.