ತೂಕದ ಚಡ್ಡಿಗೊಂದು ಕಿಸೆ

ಎರಡು ವರ್ಷದ ಹಿಂದಿನ ಮಾತು. ಆಗಷ್ಟೇ ಬಿ.ಕಾಂ. ಮುಗಿಸಿದ್ದೆ, ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬಳ್ಳಾರಿಯ ಗಾಂಧಿನಗರದಲ್ಲಿ, ಮಕ್ಕಳ ಆರೋಗ್ಯಕ್ಕೆ ಬೇಕಾದ ಸಾಮಾನು ಕೊಂಡು ಹಂಚುವ ವಿದೇಶಿ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತ್ತು.

ಆ ಸಲ ಅಂಗನವಾಡಿಗಳಿಗೆ ತೂಕದ ಚಡ್ಡಿ ಕೊಳ್ಳಬೇಕಿತ್ತು. ಕೂಸನ್ನು ಅದರಲ್ಲಿ ಕೂರಿಸಿ ತಕ್ಕಡಿಯ ಕೊಕ್ಕೆಗೆ ತೂಗುಹಾಕುತ್ತಾರೆ. ಕುರುಗೋಡಿನ ಹೆಂಗಸರ ಹೊಲಿಗೆ ಸಂಘವೂ ಮಾದರಿ ತರುತ್ತೇವೆಂದಿತು. ಆ ಮಾದರಿ ಹೊಲಿಯುವವಳು ನನ್ನ ಅವ್ವ. ಇದನ್ನು ಆಫೀಸಿಗೆ ಮೊದಲೇ ಬರೆದುಕೊಟ್ಟಿದ್ದೆ. ಆರಿಸುವುದು ಪರದೇಶದಿಂದ ಬಂದ ಮೇಡಂ, ನನ್ನದು ಅವರ ಮಾತನ್ನು ಕನ್ನಡದಲ್ಲಿ ಹೇಳುವ ಕೆಲಸ ಅಷ್ಟೇ. ಜೀನ್ಸ್ ಹೊಲಿಗೆ ಕಡಿಮೆಯಾಗಿ ಸಂಘದ ಮಷಿನ್‌ಗಳು ಸುಮ್ಮನೆ ಕೂತಿದ್ದವು. ಎಲ್ಲರ ಕಣ್ಣೂ ಈ ಆರ್ಡರ್ ಮೇಲೆ.

ಪರೀಕ್ಷೆ ನಡೆದದ್ದು ಸಿರುಗುಪ್ಪದ ಕಡೆಯ ಹಚ್ಚೊಳ್ಳಿ ಅಂಗನವಾಡಿಯಲ್ಲಿ. ಅವ್ವ ಚೀಲದಿಂದ ಚಡ್ಡಿ ತೆಗೆದಳು. ಹಿಂದುಗಡೆ ಒಂದು ಕಿಸೆ!

“ಅವ್ವಾ, ಕಿಸೆ ಯಾಕಬೇ?”

“ಇಪ್ಪತ್ತು ವರ್ಷ ಪ್ಯಾಂಟ್ ಹೊಲದೀನಿ. ಕಿಸೆ ಇಲ್ದಿದ್ರ ಅದೇನ್ ಪ್ಯಾಂಟಲೇ?”

ಕೂತಿದ್ದ ತಾಯಂದಿರೆಲ್ಲ ಬಿದ್ದು ಬಿದ್ದು ನಕ್ಕರು. ಮೊದಲ ಕೂಸು ತೂಗಾಡುತ್ತ ಅಳತೊಡಗಿತು. ಅದರ ಅಜ್ಜಿ ಓಡಿಬಂದು ಗಿಲಕಿಯನ್ನು ಆ ಕಿಸೆಗೇ ತುರುಕಿದಳು. ಗಿಲಿಗಿಲಿ ಸದ್ದಿಗೆ ಕೂಸು ಸುಮ್ಮನಾಯಿತು, ಆದರೆ ತಕ್ಕಡಿಯ ಮುಳ್ಳು ಮುಂದೆ ಸರಿಯಿತು.

ಮೇಡಂ ನಗಲಿಲ್ಲ. “ಹೀಗಾದರೆ ಸೊರಗಿದ ಮಗುವೂ ತೂಕದ ಪುಸ್ತಕದಲ್ಲಿ ಗಟ್ಟಿಯಾಗಿ ಕಾಣುತ್ತದೆ. ಅದಕ್ಕೆ ಸಿಗಬೇಕಾದ ಪೌಷ್ಟಿಕ ಆಹಾರ ತಪ್ಪಿಹೋಗುತ್ತದೆ. ಇದು ಬೇಡ,” ಎಂದರು ಇಂಗ್ಲಿಷಿನಲ್ಲಿ.

ಅವ್ವ ರಟ್ಟೆ ಮುರಿದು ದುಡಿದು ಓದಿಸಿದ ಇಂಗ್ಲಿಷು. ಅವಳ ಮುಂದೆ ಅದು ಮೊದಲು ಕೆಲಸಕ್ಕೆ ಬಂದದ್ದು ಅವಳ ತಪ್ಪನ್ನು ಹೇಳಲು. ಆದರೂ ಒಂದು ಮಾತೂ ಬಿಡದೆ ಹೇಳಿದೆ.

ಅವ್ವ ಒಂದು ಗಳಿಗೆ ಕೂಸನ್ನು ನೋಡಿದಳು. “ಖರೇ ಐತಿ. ಕೂಸಿನ ಊಟ ತಪ್ಪಸೋ ಕಿಸೆ ಯಾಕ ಬೇಕ್ರಿ?” ಎಂದವಳೇ ಬ್ಲೇಡು ತೆಗೆದು ಅಲ್ಲೇ ಕಿಸೆಯ ಹೊಲಿಗೆ ಬಿಚ್ಚಿದಳು. “ಈಗ ತೂಗ್ರಿ ಮೇಡಮ್ಮಾರ. ಬೇಕಾದ್ರ ನನ್ನ ಮಗಳನ್ನೂ ಕುಂದರಸ್ರಿ, ಹರಿಯಂಗಿಲ್ಲ!”

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಲಿಗೆಗಳನ್ನು ಜಗ್ಗಿ ನೋಡಿದರು, ಮೂರು ಸಲ ಕೂಸನ್ನು ತೂಗಿದರು. ಮೂರು ಸಲವೂ ಮುಳ್ಳು ಒಂದೇ ಕಡೆ ನಿಂತಿತು. ವಾರದೊಳಗೆ ಆರ್ಡರ್ ಸಂಘಕ್ಕೆ ಬಂತು.

ಪರೀಕ್ಷೆಯ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಬಿಚ್ಚಿದ ಕಿಸೆಯನ್ನು ನನ್ನ ಕೈಗಿಟ್ಟಳು. “ತಗೋ, ನಿನ್ನ ಡಿಗ್ರಿ ಇದರಾಗ ಇಟ್ಕೋ.”

ಡಿಗ್ರಿಯ ಕಾಗದ ಅದರಲ್ಲಿ ಹಿಡಿಯಲಿಲ್ಲ. ಆಫೀಸಿನ ಗುರುತಿನ ಚೀಟಿ ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಇವತ್ತಿಗೂ ಅದರಲ್ಲೇ ಇದೆ.